ದಿಜೋನಿನ ಗೂಬೆ

ಪ್ರಭಾವತಿ ನಾಲ್ಕನೆಯ ತುತ್ತಿಗೇ ಬಾಯಿ ಮುಚ್ಚಿದರು. "ಸಾಕು ಪದ್ಮಜಾ, ಹೊಟ್ಟೆ ತುಂಬಿತು." ತುಂಬಿಲ್ಲವೆಂದು ಸೊಸೆಗೆ ಗೊತ್ತಿತ್ತು, ಅವಳಿಗೆ ಗೊತ್ತಿದೆ ಎಂಬುದು ಅತ್ತೆಗೂ ಗೊತ್ತಿತ್ತು.

ಮೈಸೂರಿನಿಂದ ಅಮೆರಿಕದ ನೇಪರ್‌ವಿಲ್‌ನ ಮಗನ ಮನೆಗೆ ಬಂದಿದ್ದಾಗಲೇ ಅವರಿಗೆ ಸಣ್ಣದೊಂದು ಸ್ಟ್ರೋಕ್ ಆಗಿತ್ತು. ಮಾತು, ನಡಿಗೆ ಮರಳಿದವು. ಬಲಗೈ ಮಾತ್ರ ಮಡಿಲಲ್ಲಿ ಮಲಗಿಯೇ ಇತ್ತು. ಎಡಗೈಯಲ್ಲಿ ತಿಂದು ಅಭ್ಯಾಸ ಮಾಡಿ ಎಂದ ಥೆರಪಿಸ್ಟ್ ಹುಡುಗಿಗೆ ಯಾರಾದರೂ ತಿಳಿಸಿ ಹೇಳಿ ಎಂದು ಪ್ರಭಾವತಿ ನಕ್ಕುಬಿಟ್ಟಿದ್ದರು. ಹುಟ್ಟಿದಾಗಿನಿಂದ ಆ ಕೈಯಲ್ಲಿ ಯಾರಿಗೂ ಒಂದು ಹೂವು ಕೊಟ್ಟವರಲ್ಲ. ಇನ್ನು ಅನ್ನ ಮುಟ್ಟುವುದೆಂದರೇನು? ಬೇರೆಯವರ ಕೈಯಿಂದ ತಿನ್ನುವುದಕ್ಕೂ ನಾಚಿಕೆ. ಮಗ ಉಪೇಂದ್ರ ರೇಗಿದ, ಗೋಗರೆದ. ಪದ್ಮಜಾ ಅವರ ಬ್ಲೌಸುಗಳನ್ನು ಎರಡು ಸಲ ಹಿಡಿದು ಹೊಲಿದಿದ್ದಳು. ಹೀಗೇ ತೂಕ ಇಳಿದರೆ ಹೊಟ್ಟೆಗೆ ಟ್ಯೂಬ್ ಹಾಕಬೇಕಾದೀತು ಎಂದು ಡಾಕ್ಟರು ಎಚ್ಚರಿಸಿದ್ದರು.

ಮೊಸರನ್ನದ ತಟ್ಟೆಯನ್ನು ಅಲ್ಲೇ ಬಿಟ್ಟು ಪದ್ಮಜಾ ಸಿಂಕಿನತ್ತ ನಡೆದಳು. ಮೇಜಿನ ಆ ತುದಿಯಲ್ಲಿ ಮಗಳು ಇಂಚರ ಲ್ಯಾಪ್‌ಟಾಪ್ ತೆರೆದು, ಸೋಮವಾರದ ಫ್ರೆಂಚ್ ಕ್ಲಾಸಿಗೆ ಫ್ರಾನ್ಸಿನ ದಿಜೋನ್ ಎಂಬ ಊರಿನ ಬಗ್ಗೆ ಚಿತ್ರ ತೋರಿಸಿ ಮಾತಾಡುವುದನ್ನು ಪ್ರಾಕ್ಟೀಸ್ ಮಾಡುತ್ತಿದ್ದಳು.

"ಫ್ರಿಜ್ಜಲ್ಲಿದೆಯಲ್ಲ ಅತ್ತೆ, ಆ ಸಾಸಿವೆ ಸಾಸಿನ ಬಾಟ್ಲಿ, ಅದರ ಊರು," ಎಂದಳು ಪದ್ಮಜಾ.

ತೆರೆಯ ಮೇಲೆ ಆ ಊರನ್ನಾಳಿದ ಡ್ಯೂಕರ ಅರಮನೆ ಬಂತು, ಬಣ್ಣದ ಹೆಂಚಿನ ಮಾಡುಗಳು ಬಂದವು, ನೋತ್ರ್ ದಾಮ್ ಚರ್ಚು ಬಂತು. ಅದರ ನೆತ್ತಿಯ ಮೇಲೆ ಗಂಟೆ ಹೊಡೆಯುವ ಗೊಂಬೆಯನ್ನು ಡ್ಯೂಕನೊಬ್ಬ ತಾನು ಸೂರೆ ಮಾಡಿದ ಊರಿನಿಂದ ಹೊತ್ತು ತಂದಿದ್ದನಂತೆ. ಪಾಪ, ಒಂಟಿಯಾಗಿದ್ದಾನೆ ಎಂದು ಊರವರು ಮುಂದೆ ಅವನಿಗೊಂದು ಹೆಂಡತಿಯನ್ನು, ಆಮೇಲೆ ಮಕ್ಕಳನ್ನೂ ಮಾಡಿಸಿ ನಿಲ್ಲಿಸಿದರಂತೆ.

"ಪರವಾಗಿಲ್ಲ, ಮನುಷ್ಯತ್ವ ಇರೋ ಜನ," ಎಂದರು ಪ್ರಭಾವತಿ.

ಮುಂದಿನ ಚಿತ್ರ, ಅದೇ ಚರ್ಚಿನ ಹೊರಗೋಡೆಯಲ್ಲಿ ಕೆತ್ತಿದ ಪುಟ್ಟ ಗೂಬೆ. ಪದ್ಮಜಾಳ ಕೈ ತಡೆಯಿತು. ಊಟದ ಹೊತ್ತಿನಲ್ಲಿ ಗೂಬೆಯ ಹೆಸರೆತ್ತಿದರೂ ಅತ್ತೆ ಮುಖ ಸಿಂಡರಿಸುವವರು.

"ಇಟ್ಸ್ ಗುಡ್ ಲಕ್, ಅಜ್ಜಿ. ಯು ಟಚ್ ಇಟ್ ಅಂಡ್ ಮೇಕ್ ಅ ವಿಶ್."

"ಹೋಗಿ ಹೋಗಿ ಗೂಬೆ ಹತ್ರ ವರ ಕೇಳ್ತಾರಾ? ಅದಕ್ಕೆ ಮುಖಾನೇ ಇಲ್ವಲ್ಲೇ."

ನೂರಾರು ವರ್ಷ ಜನ ಮುಟ್ಟಿ ಮುಟ್ಟಿಯೇ ಸವೆದದ್ದು ಎಂದು ಇಂಚರ ವಿವರಿಸಿದಳು. "ಬಟ್ ಓನ್ಲಿ ವಿತ್ ದ ಲೆಫ್ಟ್ ಹ್ಯಾಂಡ್. ಇಟ್ಸ್ ಕ್ಲೋಸರ್ ಟು ದ ಹಾರ್ಟ್. ರೈಟ್ ಡಸಂಟ್ ಕೌಂಟ್."

ಪ್ರಭಾವತಿ ಲ್ಯಾಪ್‌ಟಾಪಿನತ್ತ ಬಾಗಿದರು. ಚಿತ್ರ ದೊಡ್ಡದು ಮಾಡು ಎಂದರು. ವಯಸ್ಸಾದವರೂ ಹಾಗೇ ಮುಟ್ಟುತ್ತಾರಾ, ಪಾದ್ರಿ ಬೈಯುವುದಿಲ್ಲವಾ ಎಂದು ಕೇಳಿದರು. ಎಲ್ಲರೂ ಮುಟ್ಟುತ್ತಾರೆ ಎಂದಳು ಇಂಚರ. "ಹುಚ್ಚು ಮುಂಡೇವು," ಎಂದು ಅವರು ಗೊಣಗಿದರೂ ಕಣ್ಣು ಚಿತ್ರದ ಮೇಲೇ ಇತ್ತು.

ಪದ್ಮಜಾ ತಟ್ಟೆ ಎತ್ತಲು ಬಂದಳು.

"ಇರ್ಲಿ ಬಿಡು. ಒಂದು ಸ್ಪೂನ್ ಕೊಡು."

ಅವಳು ಅಭ್ಯಾಸಬಲದಿಂದ ತಟ್ಟೆಯ ಬಲಕ್ಕಿಟ್ಟಳು.

"ಅಲ್ಲಲ್ಲ, ಈ ಕಡೆ. ಇಟ್ಟು ನೀನು ಆ ಕಡೆ ತಿರುಗ್ಕೋ. ನೋಡ್ಬೇಡ. ನೀನು ಹೇಳು ಪುಟ್ಟಿ, ಆಮೇಲೆ?"

ಪದ್ಮಜಾ ಸಿಂಕಿನತ್ತ ತಿರುಗಿ ನಿಂತಳು. ಇಂಚರ ಮತ್ತೆ ಫ್ರೆಂಚಿಗಿಳಿದಳು. ಏನೋ ಅತ್ತೆಯ ಸೀರೆಯ ಮೇಲೆ ಬಿದ್ದಂತಾಯಿತು. ಪ್ರಭಾವತಿ ತಮ್ಮಷ್ಟಕ್ಕೇ "ಥೂ" ಎಂದರು. ಆಮೇಲೆ ಸ್ಟೀಲಿಗೆ ಚಮಚ ತಗಲಿದ ಸದ್ದು. ತಡೆದು, ಇನ್ನೊಂದು. ಪದ್ಮಜಾ ನಲ್ಲಿಯ ನೀರನ್ನು ಎಳೆಯಷ್ಟು ಸಣ್ಣಗೆ ಬಿಟ್ಟು, ಆಗಲೇ ತೊಳೆದಿಟ್ಟಿದ್ದ ಪಾತ್ರೆಯನ್ನು ಮತ್ತೆ ನಿಧಾನವಾಗಿ ತೊಳೆಯತೊಡಗಿದಳು.