ಆಡು ಸರಿಸಿ ತೆಗೆದ ಗುಡ್ಡ

ಮುಗದ ಊರಿನ ಗುಡ್ಡದ ಮೇಲೆ ಬೆಳಗಿನ ಬಿಸಿಲು ಇನ್ನೂ ಓರೆಯಾಗಿತ್ತು. ಮೃಣಾಲಿನಿ ಶಿಬಿರದ ಹುಡುಗ ಹುಡುಗಿಯರ ಹಿಂದೆ ಒಬ್ಬೊಬ್ಬರಾಗಿ ನಿಂತು ಅವರ ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡುತ್ತಿದ್ದಳು. ಪತ್ರಿಕೆಯ ಛಾಯಾಗ್ರಾಹಕಿಯ ಕೆಲಸ ಬಿಟ್ಟ ಮೇಲೆ ನಿಸರ್ಗದ ಚಿತ್ರ ತೆಗೆಯುವುದನ್ನು ಕಲಿಸುವುದೇ ಅವಳ ಜೀವನ. ಜಾಗ ಹುಡುಕುವುದು, ಬಸ್ಸು ಗೊತ್ತು ಮಾಡುವುದು, ಕೊನೆಗೆ ಎಲ್ಲರ ಚಿತ್ರಗಳನ್ನು ಪ್ರದರ್ಶನಕ್ಕೆಂದು ಕೂಡಿಸುವುದು ಸೌರಭನ ಪಾಲು. ಅವನು ಅವಳ ಮೊದಲ ಶಿಷ್ಯ.

"ಏನ್ ಬ್ಯಾಡೋ ಅದನ್ನ ಮೊದಲ ಚೌಕಟ್ಟಿನ ಹೊರಗ ಇಡ್ರಿ," ಎಂದಳು. "ಕಂಬ, ತಂತಿ, ಮಂದಿ."

ಎದುರಿನ ಇಳಿಜಾರಿನಲ್ಲಿ ಅದೇ ಊರಿನ ದೇವಕ್ಕನ ಆಡುಗಳು ಮೇಯುತ್ತಿದ್ದವು. ಮೃಣಾಲಿನಿ ಕೈ ಬೀಸಿ ಕೂಗಿದಳು. "ದೇವಕ್ಕಾ, ಸ್ವಲ್ಪ ಆ ಕಡೆ ಹೊಡ್ಕೊಂಡು ಹೋಗ್ರಿ."

"ಹೋದ ಸಲಾನೂ ಹಿಂಗ ಅಂದ್ರಿ. ಏನ್, ನನ್ನ ಆಡು ಫೋಟೋದಾಗಿನ ಹುಲ್ಲೂ ತಿಂತಾವೇನ್ರಿ?"

ಹುಡುಗರು ನಕ್ಕರು. ಮೃಣಾಲಿನಿಯೂ ನಕ್ಕಳು. "ಒಂದ ಕಡೆ ನಿಲ್ಲೂದಿಲ್ಲಲ್ರಿ ಅವು!"

"ನಿಂತ್ರ ಆಡು ಹೆಂಗ ಆಕ್ಕಾವು?" ಎಂದು ಗೊಣಗುತ್ತ ದೇವಕ್ಕ ಅವನ್ನು ಗುಡ್ಡದ ಹಿಂದಕ್ಕೆ ಹೊಡೆದಳು. ಶಟರುಗಳ ಸದ್ದು ಶುರುವಾಯಿತು.

ಆಗ ಪಂಚಾಯ್ತಿ ಸದಸ್ಯ ಹನಮೇಶ ಬೈಕಿನಲ್ಲಿ ಬಂದ. "ಫೋಟೋ ಕಲಿಸೋ ಮೇಡಂ ನೀವಾ ಏನ್ರಿ?" ಎಂದು ಮೊಬೈಲ್ ಮುಂದೆ ಹಿಡಿದ. "ನಿನ್ನೆ ರೆಸಾರ್ಟ್ ಕಂಪನಿಯವರು ಪಂಚಾಯ್ತ್ಯಾಗ ಇದನ್ನ ಪರದೆ ಮ್ಯಾಲ ತೋರಿಸಿದ್ರು."

ಇದೇ ಗುಡ್ಡ, ಇದೇ ಇಳಿಜಾರು. ಆಡಿಲ್ಲ, ದನವಿಲ್ಲ, ಮನುಷ್ಯರಿಲ್ಲ. ಕೆಳಗೆ ಅವಳ ಶಿಬಿರದ ಹೆಸರು.

"ಇದು ನಮ್ಮೂರ ಗಾಯರಾಣ ರೀ, ದನ ಆಡು ಮೇಯೋ ಜಾಗ. ಯಾರೂ ಬಳಸೂದಿಲ್ಲ, ನಮಗ ಕೊಡ್ರಿ ಅಂತಾರ ಅವರು. ಸೋಮವಾರ ತಾಲೂಕಿನ ಸಾಹೇಬ್ರು ವಿಚಾರಣಿಗೆ ಬರಾಕತ್ತಾರ. ನಮ್ಮ ಮಾತು ನಂಬ್ತಾರೋ, ನಿಮ್ಮ ಫೋಟೋ ನಂಬ್ತಾರೋ?"

ಹಿಂದಿನ ಶಿಬಿರದ ಚಿತ್ರಗಳು ಹೋದದ್ದು ಒಬ್ಬನ ಕೈಗೆ ಮಾತ್ರ. ಮೃಣಾಲಿನಿ ಸೌರಭನನ್ನು ಬದಿಗೆ ಕರೆದಳು.

"ಅವರಿಗೆ ಕೊಟ್ಟಿಯೇನು?"

"ಅಕ್ಕಾ, ಸುಳ್ಳು ಫೋಟೋ ಏನ್ ಕೊಟ್ಟಿಲ್ಲ. ನೀವು ಕಲಿಸಿದಂಗ ತೆಗದದ್ದ ಅವು."

"ಈ ಜಾಗ ಯಾರು ತೋರಿಸಿದ್ರು ನಿನಗ?"

ಸೌರಭ ಕ್ಯಾಮೆರಾ ಸ್ಟ್ಯಾಂಡಿನ ಕಾಲನ್ನು ಬಿಗಿ ಮಾಡಿದ. ಅದು ಮೊದಲೇ ಬಿಗಿಯಾಗಿತ್ತು. "ಬಸ್ಸೂ ಕಂಪನಿಯವರದ ಅಕ್ಕಾ. ನೀವು ಕೇಳಲಿಲ್ಲ, ನಾ ಹೇಳಲಿಲ್ಲ."

ಕ್ಯಾಮೆರಾ ಹಿಡಿಯುವಾಗ ಮೊಣಕೈ ಎಲ್ಲಿರಬೇಕೆಂದು ಅವನಿಗೆ ತೋರಿಸಿದವಳು ಅವಳು. ತಾಯಿ ತೀರಿಕೊಂಡಾಗ ಅವನು ಮೊದಲು ಫೋನ್ ಮಾಡಿದ್ದು ಅವಳಿಗೆ. ಈಗ ಅವನು ಆಕಾಶ ನೋಡಿ, "ಬಿಸಿಲು ಏರಾಕತ್ತತಿ ಅಕ್ಕಾ, ಹುಡುಗರು ಕಾಯಾಕತ್ತಾರ," ಎಂದ.

ಅವಳು ಎಲ್ಲರಿಗೂ ಕ್ಯಾಮೆರಾ ಒಳಗಿಡಲು ಹೇಳಿ, ಗುಡ್ಡ ಹತ್ತಿ ಇಳಿದು ದೇವಕ್ಕನ ಬಳಿ ಹೋದಳು. ನಡೆದದ್ದನ್ನೆಲ್ಲ ಹೇಳಿದಳು.

"ಆಡು ಮತ್ತ ಆ ಇಳಿಜಾರಿಗೆ ಹೊಡೀರಿ ದೇವಕ್ಕಾ. ಅವು ಮೇಯೂದರ ಫೋಟೋ ನಾನ ತೆಗೀತೇನಿ. ಸೋಮವಾರ ತೋರಿಸೋಣ."

ದೇವಕ್ಕ ಕುಳಿತಲ್ಲಿಂದ ಏಳಲಿಲ್ಲ. "ಬ್ಯಾಡ್ರಿ. ಇವತ್ತ ತೆಗದ್ರ, ಇವತ್ತ ತಂದು ನಿಲ್ಲಿಸ್ಯಾರ ಅಂತಾರ ಅವರು." ಕಾಲ ಬಳಿ ಬಂದ ಮರಿಯನ್ನು ಅತ್ತ ತಳ್ಳಿ, "ಆ ಹುಡುಗನ್ನ ನಾ ಏನೂ ಅನ್ನೂದಿಲ್ಲ. ಅವ ನನಗ ಗೊತ್ತಿಲ್ಲ. ಕೈ ಮಾಡಿ ಕೂಗಿದವ್ರು ನೀವು. ಮೇಡಂ ಅಂದಾರ, ಅರ್ಧ ತಾಸಿಗೆ ಏನಾಕ್ಕತಿ ಅಂತ ನಾ ಸರದೆ," ಎಂದಳು.

ಮೃಣಾಲಿನಿ ಅವಳ ಪಕ್ಕದಲ್ಲೇ ಹುಲ್ಲಿನ ಮೇಲೆ ಕುಳಿತಳು. ದೇವಕ್ಕನೇ ಕೇಳಿದಳು.

"ಆಡು ಓಡಿಸಿ ತೆಗದ ಫೋಟೋ ಇವು, ಓಡಸಾಕ ಹೇಳಿದಾಕಿ ನಾನ ಅಂತ ಸಾಹೇಬ್ರ ಮುಂದ ಹೇಳ್ತೀರೇನು?"

"ಹೇಳ್ತೇನಿ."

"ಪೇಪರಿನ್ಯಾಗ ಬರ್ತತಿ. ಆಮ್ಯಾಲ ನಿಮ್ಮ ಹಂತ್ಯಾಕ ಯಾರ್ ಕಲೀಲಿಕ್ಕೆ ಬರ್ತಾರ?"

"ಬರಲಿಕ್ಕಿಲ್ಲ."

ಅಷ್ಟರಲ್ಲಿ ಒಂದು ಮರಿ ಯಾರದೋ ಜೋಳದ ಹೊಲದ ಕಡೆ ಹೊರಳಿತು. ದೇವಕ್ಕ ಕೋಲು ತೆಗೆದುಕೊಂಡು ಎದ್ದಳು.

"ಸೋಮವಾರ ನೀವು ಬಂದ್ರ ನೋಡೂಣು," ಎಂದು ಅದರ ಹಿಂದೆ ಹೋದಳು.