ಟೇಕಪ್ಪನ ಎಡಗೈ

ಪೆಟ್ಟಿಗೆಯ ಮುಚ್ಚಳ ಕೂರಲಿಲ್ಲ. ಶವದ ವ್ಯಾನಿನವನು ಅದನ್ನೆತ್ತಿ ಗೋಡೆಗೆ ಒರಗಿಸಿ, ಎಡಗೈಯನ್ನು ಇನ್ನೊಂದು ಸಲ ಎದೆಯ ಮೇಲೆ ಮಡಚಲು ನೋಡಿದ. ಮೊಣಕೈವರೆಗೆ ತಕರಾರಿರಲಿಲ್ಲ. ಅಲ್ಲಿಂದಾಚೆ ಕೈ ಅಂಗೈ ಮೇಲೆ ಮಾಡಿಕೊಂಡು, ಕೊಡಿ ಎನ್ನುವಂತೆ ಪೆಟ್ಟಿಗೆಯ ಅಂಚಿಗಿಂತ ಮೇಲೆದ್ದು ನಿಂತಿತ್ತು.

"ಬಟ್ಟೆ ಸುತ್ತಿ ಕಟ್ಟಿಬಿಡ್ಲಾ ಸಾರ್?" ಎಂದು ಸತ್ತವನ ಮಗನನ್ನು ಕೇಳಿದ. "ಒಬ್ಬೊಬ್ಬರದು ಹೀಗೇ. ಸ್ವಲ್ಪ ಹೊತ್ತು ಬಿಟ್ರೆ ತಾನಾಗೇ ಸಡಿಲ ಆಗುತ್ತೆ. ಆದ್ರೆ ಮಧ್ಯಾಹ್ನದೊಳಗೆ ನಾವು ಸ್ಮಶಾನದಲ್ಲಿ ಇರ್ಬೇಕು."

ಮಗ ತಾಯಿಯ ಮುಖ ನೋಡಿದ.

"ಕಟ್ಟೋದೆಲ್ಲ ಬೇಡ," ಎಂದಳು ಆಕೆ. "ಬಿಡಿ, ಸಡಿಲ ಆಗ್ಲಿ."

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಸತ್ತವನ ತಂಗಿ ಕೂತಿದ್ದಳು. ಕೆಟ್ಟ ಹೆಂಗಸಲ್ಲ, ಆದರೆ ಎಲುಬಿಲ್ಲದ ನಾಲಿಗೆ. "ಪಾಪ, ಹೋದ ಮೇಲೂ ಕೇಳ್ತಾನೇ ಇದ್ದಾನೆ ನಮ್ಮಣ್ಣ," ಎಂದು ಮೂಗೊರೆಸಿಕೊಂಡಳು. "ಎದೆನೋವಿಗೆ ನಾಲಿಗೆ ಕೆಳಗಿಡೋ ಆ ಮಾತ್ರೇನೇ ಕೇಳಿರ್ಬೇಕು."

"ಅತ್ತೆ, ಡಾಕ್ಟರು ನಿನ್ನೇನೇ ಹೇಳಿದ್ರಲ್ಲ. ಮಾತ್ರೆ ಕೊಟ್ಟಿದ್ರೂ ಅಷ್ಟೇ ಅಂತ."

"ಡಾಕ್ಟರು ಹಾಗೇ ಹೇಳ್ಬೇಕು ಕಣೋ. ಮನೆಯವರಿಗೆ ಬೇರೆ ಏನು ಹೇಳೋಕಾಗುತ್ತೆ?"

ಹೆಂಡತಿ ಎದ್ದು ಅಡುಗೆಮನೆಗೆ ಹೋದಳು. ತೊಟ್ಟಿಯಲ್ಲಿ ನಿನ್ನೆಯ ಹಾಲಿನ ಪಾತ್ರೆ ತಳ ಹಿಡಿದು ಕಪ್ಪಗಾಗಿ ನೀರಿನಲ್ಲಿ ನೆನೆಯುತ್ತಿತ್ತು. ಆಕೆ ನಾರು ತೆಗೆದುಕೊಂಡು ಅದನ್ನು ಉಜ್ಜತೊಡಗಿದಳು. ನಿನ್ನೆ ಬೆಳಗ್ಗೆ ಆ ಹಾಲಿಗಾಗಿಯೇ ಆಕೆ ಗಂಡನ ಹಾಸಿಗೆಯ ಪಕ್ಕದಿಂದ ಎದ್ದು ಬಂದದ್ದು. ಮತ್ತೆ ಹೋಗಿ ನೋಡುವಾಗ ಎಲ್ಲ ಮುಗಿದಿತ್ತು. ನಾದಿನಿಯ ಮಾತು ನಿಜವಾದರೆ ಗಂಡನನ್ನು ಕೊಂದವಳು ತಾನೇ, ಅದೂ ಒಂದು ಪಾತ್ರೆ ಹಾಲಿಗಾಗಿ. ನಿನ್ನೆಯಿಂದ ಆಕೆಯ ತಲೆಯಲ್ಲಿ ಬೇರೆ ಯೋಚನೆಯೇ ಇರಲಿಲ್ಲ.

*

ಸತ್ತವನು ನಿಘಂಟು ಕಚೇರಿಯಲ್ಲಿ ಕೆಲಸಕ್ಕಿದ್ದ. ಇಂಗ್ಲಿಷಿನ ಒಂದೊಂದು ಪದಕ್ಕೂ ನಮ್ಮ ಮಾತಿನಲ್ಲಿ ಅರ್ಥ ಬರೆಯುವ ಕಚೇರಿ ಅದು. ಉದ್ದನೆಯ ಕೋಣೆ, ಎದುರುಬದುರು ಮೇಜುಗಳು, ಮೇಲೆ ಕಿರುಗುಟ್ಟುವ ಫ್ಯಾನು. ಆನೆ, ಚಿನ್ನ, ಕಿಟಕಿ ಎಂಬಂಥ, ಒಂದೋ ಎರಡೋ ಅರ್ಥವಿಟ್ಟುಕೊಂಡು ಮರ್ಯಾದೆಯಿಂದ ಬಾಳುವ ಪದಗಳನ್ನೆಲ್ಲ ಹಿರಿಯರು ಮೊದಲೇ ಹಂಚಿಕೊಂಡಿದ್ದರು. ಹೊಸದಾಗಿ ಸೇರಿದ ಇವನ ಪಾಲಿಗೆ 'ಟೇಕ್' ಬಂತು.

ನೋಡಲು ನಾಲ್ಕಕ್ಷರದ ಸಾಧು ಪ್ರಾಣಿ. ಕೈ ಹಾಕಿದ ಮೇಲೆ ಗೊತ್ತಾಯಿತು. ಬಸ್ಸು ಹಿಡಿದರೂ ಅದೇ, ಮಾತ್ರೆ ನುಂಗಿದರೂ ಅದೇ, ಫೋಟೋ ತೆಗೆದರೂ ಅದೇ, ಸ್ನಾನ ಮಾಡಿದರೂ ಅದೇ. ಬಾಲಕ್ಕೊಂದು 'ಆಫ್' ಸೇರಿಸಿದರೆ ವಿಮಾನ ಮೇಲೇರುತ್ತದೆ, ಅಂಗಿ ಮೈಯಿಂದ ಇಳಿಯುತ್ತದೆ. ಮಗ ಹುಟ್ಟುವ ಮುಂಚೆ ಹಿಡಿದ ಆ ಪದ, ಮಗ ಶಾಲೆಗೆ ಸೇರಿದರೂ ಮುಗಿದಿರಲಿಲ್ಲ. ಕಚೇರಿಯವರು ಅವನಿಗೆ ಟೇಕಪ್ಪ ಎಂದು ಹೆಸರಿಟ್ಟರು. ಹೆಸರು ಅವನ ಹಿಂದೆಯೇ ಮನೆಗೂ ಬಂತು, ತರಕಾರಿ ಅಂಗಡಿಗೂ ಹೋಯಿತು.

ಊಟಕ್ಕೆ ಕೂತರೂ ಹೆಂಡತಿಯನ್ನು ಬಿಡುತ್ತಿರಲಿಲ್ಲ. "ನೀನು ಉಪ್ಪು ತಗೋತೀಯ, ತಲೆನೋವಿಗೆ ಮಾತ್ರೇನೂ ತಗೋತೀಯ. ಎರಡೂ ಒಂದೇನಾ?"

"ಒಂದು ಹೇಗಾಗುತ್ತೆ? ಉಪ್ಪು ಬರೋದು ಅಂಗಡಿಯಿಂದ. ತಲೆನೋವು ಬರೋದು ನಿಮ್ಮಿಂದ."

ಒಂದು ಸಂಜೆ ಚಪ್ಪಲಿ ಬಿಡುವುದಕ್ಕೂ ಪುರುಸೊತ್ತಿಲ್ಲದವನಂತೆ ಒಳಗೆ ಬಂದ. "ಈ ಪದ ಇಂಗ್ಲಿಷಿನವರದೇ ಅಲ್ಲ ಕಣೇ! ಉತ್ತರದ ಕಡೆಯಿಂದ ಹಡಗು ಹತ್ತಿ ಬಂದವರದು. ಇಂಗ್ಲಿಷಿನವರದೇ ಹಳೇ ಪದ ಒಂದಿತ್ತು, ಅದನ್ನ ಓಡಿಸಿ ಇದು ಬಂದು ಕೂತ್ಕೊಂಡಿದೆ. ಬಂದ ನೆಂಟ ಯಜಮಾನನ್ನೇ ಹೊರಗೆ ಹಾಕಿದ ಹಾಗೆ!"

"ನಿಮ್ಮ ತಂಗಿ ಬಂದಾಗ ನಾನೂ ಹಾಗೇ ಅಂದ್ಕೋತೀನಿ."

ಅವನಿಗೆ ಅದು ಕೇಳಿಸಲೇ ಇಲ್ಲ. "ಅದಲ್ಲ ವಿಷಯ. ತೀರಾ ಹಿಂದಕ್ಕೆ ಹೋದ್ರೆ ಅದರಲ್ಲಿ ತಗೊಳ್ಳೋದೇ ಇಲ್ಲ. ಕೈಯಿಟ್ಟು ಮುಟ್ಟೋದು, ಅಷ್ಟೇ! ಮುಟ್ಟಿದ ಮೇಲೆ ಹಿಡ್ಕೊಂಡ್ರು, ಹಿಡ್ಕೊಂಡ ಮೇಲೆ ಎತ್ಕೊಂಡು ಹೋದ್ರು. ಮನುಷ್ಯನ ಬುದ್ಧಿ ನೋಡು." ಹೀಗೆಂದವನು, "ಮೊದಲು ಬರೀ ಇಷ್ಟೇ ಇತ್ತು," ಎಂದು ತನ್ನ ಅಂಗೈ ಚಾಚಿ, ಅದರ ಮೇಲೆ ಅವಳ ಕೈಯನ್ನು ಇರಿಸಿಕೊಂಡ.

ಹಾಗೆಲ್ಲ ಮಾಡುವ ಜಾಯಮಾನದವನಲ್ಲ ಅವನು. ಮಗನ ಬೆನ್ನನ್ನೂ ಒಂದು ದಿನ ತಟ್ಟಿದವನಲ್ಲ. ಅವಳಿಗೆ ನಾಚಿಕೆಯಾಯಿತು. "ಬಿಡಿ, ಮಗು ನೋಡ್ತಿದಾನೆ," ಎಂದು ಕೈ ಎಳೆದುಕೊಂಡಳು.

ಆ ಹಳೆಯ ಅರ್ಥವನ್ನು ಎಲ್ಲಕ್ಕಿಂತ ಮೇಲೆ, ಮೊದಲನೆಯದಾಗಿ ಬರೆದ. ಪ್ರಧಾನ ಸಂಪಾದಕರು ಹೊಡೆದುಹಾಕಿದರು. ಈಗ ಯಾರೂ ಬಳಸದ ಅರ್ಥಕ್ಕೆ ಪುಟದಲ್ಲಿ ಜಾಗವಿಲ್ಲ ಎಂದರು. ಇವನು ಹಿಡಿದ ಮೊಲಕ್ಕೆ ಮೂರೇ ಕಾಲು. ಮತ್ತೆ ಬರೆದ, ಅವರು ಮತ್ತೆ ಹೊಡೆದರು. ಕೊನೆಗೆ ಪುಸ್ತಕ ಅಚ್ಚಾದಾಗ ಅದರಲ್ಲಿ ಬಸ್ಸಿತ್ತು, ಮಾತ್ರೆಯಿತ್ತು, ವಿಮಾನವಿತ್ತು, ಮುಟ್ಟುವುದು ಇರಲಿಲ್ಲ. ನಿವೃತ್ತನಾದ ಮೇಲೂ ಊಟದ ಹೊತ್ತಿಗೆ ಆ ಸಿಟ್ಟು ಆಗಾಗ ಏಳುತ್ತಿತ್ತು. ಹೆಂಡತಿ ಬಡಿಸುತ್ತ ಹೂಂಗುಟ್ಟುತ್ತಿದ್ದಳು.

*

ಎರಡು ವರ್ಷದ ಹಿಂದೆ ಒಂದು ಬೆಳಗ್ಗೆ ಲಕ್ವ ಹೊಡೆದು ಅವನ ಬಲಭಾಗ ಬಿದ್ದುಹೋಯಿತು, ಜೊತೆಗೆ ಮಾತೂ ಹೋಯಿತು. ಕೆಲವರಿಗೆ ಒಂದೇ ಒಂದು ಪದ ಉಳಿಯುವುದುಂಟು ಎಂದರು ಡಾಕ್ಟರು. ಒಬ್ಬರಿಗೆ ಬೈಗುಳ ಉಳಿಯುತ್ತದೆ, ಇನ್ನೊಬ್ಬರಿಗೆ ಮಗಳ ಹೆಸರು. ಖಾಲಿ ಡಬ್ಬದ ತಳದಲ್ಲಿ ಉಳಿದ ಕಾಳಿನ ಹಾಗೆ ಇವನ ಬಾಯಲ್ಲಿ ಉಳಿದದ್ದು 'ಟೇಕ್'.

"ಆ ಹಾಳು ಪದಾನೇ ಉಳೀಬೇಕಿತ್ತಾ?" ಎಂದು ಮಗ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತಿದ್ದ. "ನನ್ನ ಹೆಸರು ಬೇಡ, ನಿನ್ನ ಹೆಸರಾದ್ರೂ ಉಳೀಬಾರ್ದಿತ್ತಾ ಅಮ್ಮಾ?"

"ನನ್ನ ಹೆಸರು ಹಿಡಿದು ಯಾವತ್ತು ಕರೆದಿದಾರೆ, ಉಳಿಯೋಕೆ?" ಎಂದಿದ್ದಳು ತಾಯಿ.

ಆಕೆ ಬೇಗ ಕಲಿತಳು. ಮೋಟಾಗಿ ಅಂದರೆ ನೀರು, ಎಳೆದು ಅಂದರೆ ಫ್ಯಾನು ನಿಲ್ಲಿಸು, ಗದರಿದರೆ ನಿನ್ನ ತಂಗಿಯರ ಪುರಾಣ ಸಾಕು. ಹೊರಗಿನವರಿಗೆ ಒಂದೇ ಪದ, ಆಕೆಗೆ ಇಡೀ ಸಂಸಾರ ಅದರಲ್ಲೇ ನಡೆಯುತ್ತಿತ್ತು.

ನಿನ್ನೆ ಬೆಳಗ್ಗೆ ಮಾತ್ರ ಅರ್ಥವಾಗಲಿಲ್ಲ. ಅವನು ಎಡಗೈ ಚಾಚಿ, ಮೆತ್ತಗೆ, "ಟೇಕ್," ಎಂದ. ಆಕೆ ನೀರು ಕೊಟ್ಟಳು, ಬೇಡ. ಕನ್ನಡಕ ಕೊಟ್ಟಳು, ಬೇಡ. ಪೇಪರು ಕೊಟ್ಟಳು, ಅದು ಅಂಗೈಯಿಂದ ಜಾರಿ ಕೆಳಗೆ ಬಿತ್ತು. "ಟೇಕ್," ಎಂದ ಮತ್ತೆ. ಒಳಗೆ ಹಾಲು ಉಕ್ಕುವ ವಾಸನೆ ಬಂತು. "ಏನು ಬೇಕೋ ನಂಗಂತೂ ತಿಳೀತಿಲ್ಲ, ಇರಿ ಬಂದೆ!" ಎಂದು ರೇಗಿ ಎದ್ದು ಹೋದಳು.

*

"ಪಾತ್ರೆ ತೂತು ಬೀಳುತ್ತೆ ತಾಯಿ, ಅಷ್ಟು ಉಜ್ಜಿದ್ರೆ."

ಬಾಗಿಲಲ್ಲಿ ಅಲ್ಪವಿರಾಮ ನಿಂತಿದ್ದರು. ಕಚೇರಿಯಲ್ಲಿ ಟೇಕಪ್ಪನ ಎದುರು ಮೇಜಿನವರು, ಕರಡಚ್ಚು ತಿದ್ದುತ್ತಿದ್ದವರು. ಪ್ರತಿ ಮಾತಿನ ನಡುವೆ ನಿಲ್ಲಿಸಿ ಉಸಿರೆಳೆದುಕೊಳ್ಳುತ್ತಿದ್ದುದರಿಂದ ಆ ಹೆಸರು. ಕಾಯಿಲೆ ಬಿದ್ದ ಮೇಲೆ ತಪ್ಪದೆ ಭಾನುವಾರ ಬಂದು ಗೆಳೆಯನ ಪಕ್ಕ ಕೂತು ಹೋಗುತ್ತಿದ್ದವರು ಅವರೊಬ್ಬರೇ.

"ಹೊರಗೆ ಅವರ ತಂಗಿ ಹೇಳಿದ್ದು ಕೇಳಿಸ್ಕೊಂಡ್ರಾ?" ಎಂದಳು ಆಕೆ, ತಿರುಗದೆ.

"ಕೇಳಿಸ್ಕೊಂಡೆ. ಎದುರುಮನೆಯ ಟೈಲರು, ಕಿಟಕಿ ತೆಗಿ ಅಂತ ಕೇಳಿರ್ಬೇಕು ಅಂತಾನೆ. ನಿಮ್ಮ ಮಗ, ನನ್ನ ಕರೆಸು ಅಂದಿರ್ಬೇಕು, ಅಂತಾನೆ. ಎಲ್ಲರ ಕೈಲೂ ಒಂದೊಂದು ಅರ್ಥ ಇದೆ. ಅವನಿದ್ದಿದ್ರೆ, ಎಲ್ಲಾನೂ ಬರ್ಕೊಳ್ತಿದ್ದ."

ಆಕೆಗೆ ನಗು ಬರಲಿಲ್ಲ. ನಾರು ಕೆಳಗಿಟ್ಟಳು. "ಮಾತ್ರೆ ಡಬ್ಬಿ ಪಕ್ಕದಲ್ಲೇ ಇತ್ತು. ನೀರು ಕೊಟ್ಟೆ, ಕನ್ನಡಕ ಕೊಟ್ಟೆ. ಅದೊಂದು ಕೊಡ್ಲಿಲ್ಲ. ಕೈ ಚಾಚ್ಕೊಂಡೇ ಪ್ರಾಣ ಬಿಟ್ರು."

"ಮಾತ್ರೆ ಬೇಕಾದಾಗ ಅವನು, ಏನು ಮಾಡ್ತಿದ್ದ?"

"ಏನಂದ್ರೆ?"

"ನನ್ನೆದುರಿಗೇ ಎಷ್ಟು ಸಲ ಕೇಳಿದಾನೆ. ಕೈ ಎದೆ ಮೇಲಿಟ್ಕೊಂಡು, ಬಾಯಿ ತೆಗೀತಿದ್ದ. ಗುಬ್ಬಚ್ಚಿ ಮರಿ ಹಾಗೆ. ಇಡೋದು ನಾಲಿಗೆ ಕೆಳಗೆ ತಾನೇ? ಕೈ ಚಾಚಿ ಏನು ಮಾಡ್ತಾನೆ? ನಿನ್ನೆ ಬಾಯಿ ತೆಗೆದ್ನಾ?"

ಆಕೆ ಒದ್ದೆ ಕೈಗಳನ್ನು ಹಾಗೇ ಹಿಡಿದುಕೊಂಡು ನಿಂತಳು. ನಿನ್ನೆಯ ಆ ಮುಖವನ್ನು ಮೊದಲ ಸಲ ನೋಡುವವಳಂತೆ ನೆನೆದಳು. "ಇಲ್ಲ. ಬಾಯಿ ಮುಚ್ಚಿತ್ತು. ಎದೆ ಮುಟ್ಕೊಳ್ಳಲೇ ಇಲ್ಲ. ನಗ್ತಾ ಇದ್ರು ಅನ್ಸುತ್ತೆ. ಅರ್ಧ ಮುಖದಲ್ಲಿ," ಎಂದಳು.

"ಮತ್ತೆ?"

"ಮತ್ತೆ ಏನು ಬೇಕಿತ್ತು ಅವರಿಗೆ?"

ಅಲ್ಪವಿರಾಮ ಬಾಯಿ ತೆರೆದರು. "ನಮ್ಮ ಸಂಪಾದಕರು ಹೊಡೆದುಹಾಕಿದ್ರಲ್ಲ, ಆ ಮೊದಲನೇ..."

"ಹೇಳ್ಬೇಡಿ," ಎಂದಳು ಆಕೆ. "ಅನ್ನದ ಜೊತೆ ಅದನ್ನೇ ಬಡಿಸ್ಕೊಂಡು ತಿಂದವಳು ನಾನು. ನಂಗೆ ಗೊತ್ತಾಗ್ಬೇಕಿತ್ತು."

ಅವಳ ಎದೆಯ ಮೇಲಿನ ಕಲ್ಲು ಇಳಿಯಿತು. ಮಾತ್ರೆಯಲ್ಲ, ತಾನು ಕೊಂದಿಲ್ಲ. ಆದರೆ ಇಳಿದ ಕಲ್ಲಿನ ಜಾಗದಲ್ಲಿ ಇನ್ನೊಂದು ಬಂದು ಕೂತಿತು. ಕೇಳಿದ್ದು ಎಷ್ಟು ಚಿಕ್ಕದು! ಡಬ್ಬಿ ತೆರೆಯಬೇಕಿರಲಿಲ್ಲ, ಡಾಕ್ಟರಿಗೆ ಹೇಳಬೇಕಿರಲಿಲ್ಲ, ಹಾಲು ಉಕ್ಕಿದರೆ ಉಕ್ಕಲಿ ಎಂದು ಸುಮ್ಮನೆ ಅಲ್ಲೇ ಕೂತಿದ್ದರೆ ಆಗುತ್ತಿತ್ತು. ನಿನ್ನೆಯಿಂದ ಒಂದು ಹನಿ ಬಾರದ ಅಳು ಈಗ ಬಂತು. ಅಲ್ಪವಿರಾಮ ನಲ್ಲಿ ನಿಲ್ಲಿಸಿ, ತಲೆ ತಗ್ಗಿಸಿ ನಿಂತರು.

ಅತ್ತು ಮುಗಿದ ಮೇಲೆ ಆಕೆ ಸೆರಗಿಗೆ ಕೈಯೊರೆಸಿಕೊಂಡು ಹಜಾರಕ್ಕೆ ಬಂದಳು. ಪೆಟ್ಟಿಗೆಯ ಪಕ್ಕಕ್ಕೆ ಕುರ್ಚಿ ಎಳೆದು ಕೂತು, ಆ ತಣ್ಣನೆಯ ಅಂಗೈಯ ಮೇಲೆ ತನ್ನ ಕೈಯಿಟ್ಟಳು.

"ತಗೊಳ್ಳಿ," ಎಂದಳು.

ನಾದಿನಿ ಅತ್ತಿಗೆಯ ಮುಖ ನೋಡಿ ಕಿಟಕಿಯ ಕಡೆ ತಿರುಗಿಕೊಂಡಳು. ಟೈಲರು ಎದ್ದು ಹೊರಗೆ ಹೋದ. ವ್ಯಾನಿನವನು ಬಾಗಿಲಿಗೆ ಬಂದು ಗಡಿಯಾರ ನೋಡಿದ, ಜಗಲಿಗೆ ಹೋಗಿ ಬೀಡಿ ಹಚ್ಚಿದ. ಎರಡನೆಯ ಬೀಡಿ ಮುಗಿಸಿ ಒಳಗೆ ಬರುವಾಗ ಕೈ ಇಳಿದಿತ್ತು. ಆಕೆ ತನ್ನ ಕೈ ತೆಗೆದುಕೊಂಡಳು. ಈ ಸಲ ಮುಚ್ಚಳ ಕೂತಿತು.

"ನಾನು ಹೇಳ್ಲಿಲ್ವಾ, ಸಡಿಲ ಆಗುತ್ತೆ ಅಂತ," ಎಂದ ಅವನು.

ವ್ಯಾನಿನಲ್ಲಿ ಪೆಟ್ಟಿಗೆಯ ಒಂದು ಬದಿಗೆ ತಾಯಿ ಮಗ ಕೂತರು, ಎದುರಿಗೆ ನಾದಿನಿ ಮತ್ತು ಅಲ್ಪವಿರಾಮ. ರಸ್ತೆ ಅಗೆದುಹಾಕಿದ್ದರು, ಗಾಡಿ ಕುಲುಕುತ್ತ ಹೊರಟಿತು. ಸೇತುವೆ ದಾಟುವಾಗ ಮಗ ನೋಡಿದ. ತಾಯಿಯ ಕೈ ಅವಳ ಮಡಿಲಲ್ಲಿ ಅಂಗೈ ಮೇಲೆ ಮಾಡಿಕೊಂಡು ತೆರೆದೇ ಇತ್ತು.

"ನೀರು ಬೇಕಾ ಅಮ್ಮಾ?" ಎಂದು ಬಾಟಲಿ ತೆಗೆದ.

ಆಕೆ ಬೇಡವೆಂದು ತಲೆಯಾಡಿಸಿದಳು.

"ಕರ್ಚೀಫು?"

ಅದಕ್ಕೂ ತಲೆಯಾಡಿಸಿದಳು. ಮಗ ಬಾಟಲಿಯ ಬಿರಡೆ ತಿರುಗಿಸಿ ಮುಚ್ಚಿ ಕಾಲಬಳಿ ಇಟ್ಟ. ಎದುರಿದ್ದ ಅಲ್ಪವಿರಾಮ ಅವನನ್ನೇ ನೋಡುತ್ತಿದ್ದರು. ಮುಂದಿನ ತಿರುವಿನಲ್ಲಿ ಗಾಡಿ ಜೋರಾಗಿ ವಾಲಿತು. ಮಗ ಒಂದು ಕೈಯಿಂದ ಅಪ್ಪನ ಪೆಟ್ಟಿಗೆ ಜಾರದಂತೆ ಹಿಡಿದ, ಇನ್ನೊಂದು ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ಅಮ್ಮನ ಅಂಗೈಯ ಮೇಲಿಟ್ಟ.