ಹೊತ್ತು ಕೂಗುವವಳು

“ಅಸಿಸ್ಟೆಂಟಂತೆ ಅಸಿಸ್ಟೆಂಟು! ನಿಮ್ಮಜ್ಜಿ ನಮ್ಮನೆ ಹಿತ್ಲಲ್ಲಿ ಮೊರ ಒಡ್ಡಿ ಅಕ್ಕಿ ಇಸ್ಕಂಡೋಯ್ತಿದ್ಲು. ನೀನು ನಂಗೇ ಕಾನೂನು ಯೋಳ್ತೀಯೇನೇ ಮುಂಡೆ?”

ಡಾಕ್ಟರ್ ಶಶಿಕುಮಾರ್ ಮೇಜಿನ ಮೇಲೆ ಮೂರು ಕಾಗದ ಹರಡಿದರು. ಒಂದು ನನ್ನ ಡಿಗ್ರಿ ಸರ್ಟಿಫಿಕೇಟು. ಕೆಲಸಕ್ಕೆ ಸೇರಿದ ದಿನವೇ ಇಸಿದುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಎರಡು ವರ್ಷದ ಮೇಲೆ ಇವತ್ತೇ ಅದರ ಮುಖ ಕಂಡದ್ದು. ಇನ್ನೊಂದು ಅನುಭವ ಪತ್ರ. ‘ಮಾನಸಾ, ಫಿಸಿಶಿಯನ್ ಅಸಿಸ್ಟೆಂಟ್’ ಎಂದು ಟೈಪಾಗಿತ್ತು, ಸಹಿ ಬಿದ್ದಿರಲಿಲ್ಲ. ಮೂರನೆಯದು ಖಾಲಿ ಕೇಸ್ ಶೀಟು.

ಮೊದಲೆರಡು ಕೈಗೆ ಬಂದರೆ ಶುಕ್ರವಾರದೊಳಗೆ ನನ್ನ ವೃತ್ತಿ ನೋಂದಣಿ ಆಗುತ್ತಿತ್ತು. ಮೈಸೂರಿನ ಹೃದಯದ ಆಸ್ಪತ್ರೆಯೊಂದರಲ್ಲಿ ಕೆಲಸ ಕಾದಿತ್ತು. ರೋಗಿಯನ್ನು ಪರೀಕ್ಷಿಸಿ, ವಿವರ ಬರೆದು, ಡಾಕ್ಟರ ಪಕ್ಕ ನಿಲ್ಲುವ ಕೆಲಸ. ಅದಕ್ಕೇ ನಾಲ್ಕು ವರ್ಷ ಓದಿದ್ದು. ಹೊಳೆನರಸೀಪುರದ ಈ ನರ್ಸಿಂಗ್ ಹೋಮಿನಲ್ಲಿ ಅದನ್ನೂ ಮಾಡುತ್ತಿದ್ದೆ, ಬೆಡ್‌ಪ್ಯಾನೂ ತೊಳೆಯುತ್ತಿದ್ದೆ. ಬರುವುದು ಹೋಗುವುದು ಹಿಂದಿನ ಬಾಗಿಲಲ್ಲಿ.

“ಆಚೆ ಕುಂತವ್ಳಲ್ಲ ಸತ್ತೋಳ ಮಗಳು, ಕೇಸ್ ಶೀಟಿನ ನಕ್ಲು ಬೇಕಂತೆ. ಮೂರು ಸಲ ಫೋನ್ ಮಾಡ್ದೆ ಅಂತ ಬರ್ದಿದ್ದೆಯಲ್ಲ, ಅದ ಅರ್ದಾಕಿವ್ನಿ. ಬರುವಾಗ್ಲೇ ನಾಡಿ ಇರ್ನಿಲ್ಲ ಅಂತ ಬರಿ. ನಾ ಸಹಿ ಆಕ್ತೀನಿ. ನೀ ಮೈಸೂರ್ಗೋಗಿ ಮೆರೆ.”

“ನಾಡಿ ಇತ್ತು ಸಾ.”

“ಇತ್ತಾ? ಎಲ್ಲಿ, ಅವ್ಳೇ ಎದ್ ಬಂದು ಯೋಳ್ಲಿ.”

ಎದ್ದು ಬಂದಿದ್ದಳು. ಡಾಕ್ಟರಿಗೆ ಕಾಣುತ್ತಿರಲಿಲ್ಲ, ಅಷ್ಟೇ.

ದ್ಯಾವಮ್ಮ. ಮಲ್ಲಿಪಟ್ಟಣದ ಕಡೆಯಿಂದ ಹಳ್ಳಿಮೈಸೂರಿಗೆ ಆಲೂಗಡ್ಡೆ ಕೀಳುವ ಕೂಲಿಗೆ ಬಂದವಳು. ಮೂರು ದಿನದ ಹಿಂದೆ ಹೊಲದಿಂದ ಎದೆ ಹಿಡಿದುಕೊಂಡೇ ಬಂದಳು, ಸೆರಗಿನ ತುಂಬ ಮಣ್ಣು. ಇಸಿಜಿ ತೆಗೆದೆ. ಗೆರೆ ನೋಡಿಯೇ ಹೃದಯಾಘಾತವೆಂದು ಗೊತ್ತಾಯಿತು. ಹಾಸನಕ್ಕೆ ಕಳಿಸೋಣವೆಂದು ಫೋನ್ ಮಾಡಿದೆ. ಡಾಕ್ಟರು ಚನ್ನರಾಯಪಟ್ಟಣದಲ್ಲಿ ನೆಂಟರ ಗೃಹಪ್ರವೇಶದಲ್ಲಿದ್ದರು. “ಕೇಸ್ ಬಿಟ್ಕೊಡ್ಬ್ಯಾಡ. ಬತ್ತಾ ಇವ್ನಿ ಕಣೇ.” ಎರಡನೇ ಸಲವೂ ಬತ್ತಾ ಇವ್ನಿ. ಮೂರನೇ ಸಲ ಎತ್ತಲಿಲ್ಲ.

ದ್ಯಾವಮ್ಮ ಕೇಳುತ್ತಿದ್ದದ್ದು ಒಂದೇ: “ಗಂಟೆ ಎಷ್ಟಾಯ್ತವ್ವ? ಡಾಕುಟ್ರು ಬಂದ್ರಾ?” ಒಂದೂ ಇಪ್ಪತ್ತಕ್ಕೆ ಕೇಳುವುದನ್ನು ನಿಲ್ಲಿಸಿದಳು.

ಆಮೇಲೆ ಶುರುವಾಯಿತು. ಹಾಡುಹಗಲಲ್ಲಿ, ಅವಳು ಮಲಗಿದ್ದ ಮೂರನೇ ಮಂಚದ ಚಾದರ ಬದಲಿಸುವಾಗ, ಸಿರಿಂಜಿಗೆ ಔಷಧಿ ಎಳೆಯುವಾಗ, ಕಿವಿಯ ಹಿಂದೆಯೇ ಅದೇ ದನಿ. ಗಂಟೆ ಎಷ್ಟಾಯ್ತವ್ವ? ದಿಂಬಿನ ಮೇಲೆ ಕೆಮ್ಮಣ್ಣು ಉದುರಿರುತ್ತಿತ್ತು. ಒರೆಸಿ ತಿರುಗಿದರೆ ಮತ್ತೆ ಅಲ್ಲೇ.

ನಮ್ಮಜ್ಜಿ ಸೂಲಗಿತ್ತಿ. ಗೌಡರ ಮನೆಯ ಕೂಸನ್ನು ಅವಳು ಕೈಯಲ್ಲಿ ಹಿಡಿಯಬಹುದಿತ್ತು, ಜಗಲಿಗೆ ಬರುವಂತಿರಲಿಲ್ಲ. ಅದಕ್ಕೇ ಹಿತ್ತಿಲ ಬಾಗಿಲಲ್ಲಿ ನಿಂತು, ಬಿಸಿಲು ಗೋಡೆಯ ಎಷ್ಟನೇ ಕಲ್ಲಿಗೆ ಬಂತೆಂದು ನೋಡಿ, ಹುಟ್ಟಿದ ಹೊತ್ತನ್ನು ಕೂಗುತ್ತಿದ್ದಳು. ಜಗಲಿಯಲ್ಲಿ ಕೂತ ಜೋಯಿಸರು ಆ ಕೂಗು ಕೇಳಿಯೇ ಜಾತಕ ಬರೆಯುತ್ತಿದ್ದರು. ಈ ಡಾಕ್ಟರ ಜಾತಕವೂ ಅಜ್ಜಿಯ ಕೂಗೇ.

ನನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಇನ್ನೊಂದು ಕತೆ ಹೇಳುತ್ತಿದ್ದಳು. ಸತ್ತ ಹೊತ್ತನ್ನು ಯಾರೂ ಕೂಗದೆ ಬಿಟ್ಟ ಹೆಂಗಸೊಬ್ಬಳು ಹೇಮಾವತಿ ದಂಡೆಯಲ್ಲಿ, ಬಟ್ಟೆ ಒಗೆಯುವವರ ಬೆನ್ನ ಹಿಂದೆ ನಿಂತು ಹೊತ್ತು ಕೇಳುತ್ತಾಳಂತೆ. “ಯೋಳ್ಬುಟ್ರೆ ಒಂಟೋಯ್ತಾಳೆ ಕಣ್ ಮಗ. ಯಾರೂ ಯೋಳಕಿಲ್ಲ. ಅದ್ಕೇ ಅಲ್ಲೇ ನಿಂತವ್ಳೆ.”

“ಬರೀತೀಯೋ, ಸರ್ಟಿಫಿಕೇಟು ಒಳಗಿಡ್ಲೋ?”

ಪೆನ್ನು ತೆಗೆದುಕೊಂಡೆ. ಡಾಕ್ಟರು ಕುರ್ಚಿಗೆ ಒರಗಿದರು.

ಬಂದದ್ದು ಹನ್ನೊಂದೂ ಹತ್ತು. ನಾಡಿ ಇತ್ತು. ಡಾಕ್ಟರಿಗೆ ಫೋನು ಹನ್ನೊಂದೂ ಇಪ್ಪತ್ತೈದು, ಹನ್ನೆರಡೂ ಐದು, ಹನ್ನೆರಡೂ ಐವತ್ತು. ಹಾಸನಕ್ಕೆ ಕಳಿಸಬೇಕೆಂದು ಗೊತ್ತಿತ್ತು, ಹೆದರಿ ಕಳಿಸಲಿಲ್ಲ. ಸಾವು ಒಂದೂ ಇಪ್ಪತ್ತು. ಕೆಳಗೆ ನನ್ನ ಹೆಸರು. ಹೆಸರಿನ ಮುಂದೆ ಫಿಸಿಶಿಯನ್ ಅಸಿಸ್ಟೆಂಟ್.

ಓದಿದರು. ಶೀಟನ್ನು ನಾಲ್ಕು ಚೂರು ಮಾಡಿದರು. ಅನುಭವ ಪತ್ರ ಎಳೆದುಕೊಂಡು, ಟೈಪಾಗಿದ್ದರ ಮೇಲೆ ಅಡ್ಡಗೆರೆ ಹೊಡೆದು ‘ಆಯಾ’ ಎಂದು ಬರೆದು, ಸಹಿ ಮಾಡಿ ನನ್ನ ಕಾಲ ಬಳಿ ಎಸೆದರು.

“ತಗ. ಇದೇ ಕಣೇ ನಿನ್ ಜಾತ್ಕ. ಇಂದ್ಗಡೆ ಬಾಗ್ಲಿಂದ ಓಗು.”

ಕಾಗದ ಅಲ್ಲೇ ಬಿದ್ದಿತ್ತು. ನಾನು ಮುಂದಿನ ಬಾಗಿಲಿಗೆ ಹೋದೆ.

ಹಾಲಿನಲ್ಲಿ ಹತ್ತು ಹನ್ನೆರಡು ರೋಗಿಗಳು. ಮೂಲೆಯ ಬೆಂಚಿನಲ್ಲಿ ದ್ಯಾವಮ್ಮನ ಮಗಳು ಯಶಸ್ವಿನಿ, ಮೂರು ದಿನದಿಂದ ಕೂತಂತೆಯೇ ಕೂತಿದ್ದಳು. ಹೊಸ್ತಿಲ ಮೇಲೆ ನಿಂತು ಕೂಗಿದೆ. ಅಜ್ಜಿಯ ಗಂಟಲು ನನಗೂ ಇದೆಯೆಂದು ಅಲ್ಲಿಯತನಕ ಗೊತ್ತಿರಲಿಲ್ಲ.

“ದ್ಯಾವಮ್ಮ ಬಂದಿದ್ದು ಹನ್ನೊಂದೂ ಹತ್ತು! ನಾಡಿ ಇತ್ತು!”

ಫೋನಿನ ಹೊತ್ತುಗಳನ್ನು ಕೂಗಿದೆ. ಯಾರೋ ಮಗುವಿನ ಬಾಯಿ ಮುಚ್ಚಿದರು. “ಹಾಸನಕ್ಕೆ ಕಳಿಸ್ಬೇಕಿತ್ತು, ನಾನೂ ಕಳಿಸ್ಲಿಲ್ಲ! ಜೀವ ಹೋದದ್ದು ಒಂದೂ ಇಪ್ಪತ್ತು!”

ಬೆನ್ನ ಹಿಂದೆ ಬೀರುವಿನ ಬೀಗ ತಿರುಗಿದ ಸದ್ದು.

ಯಶಸ್ವಿನಿ ಎದ್ದು ನಿಂತಳು. ರಿಸೆಪ್ಷನ್ ಮೇಜಿನ ಪೆನ್ನು ಎತ್ತಿಕೊಂಡಳು. ಉಗುರ ಸಂದಿಯಲ್ಲಿ ಕೆಮ್ಮಣ್ಣಿದ್ದ ಎಡಗೈಯನ್ನು ಬಿಚ್ಚಿ ಅಂಗೈ ಮೇಲೆ ನಿಬ್ಬು ಊರಿದಳು. ತಾಯಿಯ ದನಿಯೇ, ಚೂರೂ ಬೇರೆಯಲ್ಲ:

“ಇನ್ನೊಂದ್ಸಲ ಕೂಗಕ್ಕಾ. ಬರ್ಕತೀನಿ.”